ಕಾಜಾ

ಶ್ರೀರಾಮಪುರ, ಮೆಟ್ಟಿಲ ಕೆಳಗಿನ ಆರಡಿ ಜಾಗ.
ಸೀರೆಗೆ ಫಾಲ್, ಜಿಗ್‌ಜ್ಯಾಗ್, ಕುಚ್ಚು.
ಮಷೀನಿನ ನೆತ್ತಿಗೆ ಕ್ಯೂಆರ್ ಅಂಟಿಸಿ
ಪಕ್ಕದಲ್ಲೊಂದು ಮಾತಾಡುವ ಡಬ್ಬ ಇಟ್ಟು ಹೋದ
ಕಂಪನಿ ಹುಡುಗ.

ಎಂಬತ್ತು ರೂಪಾಯಿ ಸ್ವೀಕರಿಸಲಾಗಿದೆ,
ಕೂಗಿತು ಮೊದಲ ದಿನ.
ನನ್ನ ದುಡಿಮೆಗೆ ಅಷ್ಟು ಗಟ್ಟಿಯಾಗಿ
ಯಾರೂ ಸಾಕ್ಷಿ ಹೇಳಿರಲಿಲ್ಲ.
ಹೆಮ್ಮೆಯಾಯಿತು, ಸುಳ್ಳೇಕೆ.

ಮೂರನೇ ತಿಂಗಳು ಮಹಡಿಯಿಂದಿಳಿದರು
ಓನರ್ ರುದ್ರೋಜಿ, ಕೈಯಲ್ಲಿ ಹಾಲಿನ ಲೆಕ್ಕದ ಪುಸ್ತಕ.
"ಶನಿವಾರ ಒಂದೇ ದಿನ ಮೂವತ್ನಾಕು ಸಲ
ಕೂಗ್ತಲ್ಲಮ್ಮ ನಿನ್ನ ಡಬ್ಬ.
ಬಾಡಿಗೆಗೆ ಇನ್ನೊಂದೈನೂರು ಸೇರಿಸು."

ದಾರ, ಸೂಜಿ, ಕರೆಂಟು, ಡಬ್ಬದ್ದೇ ತಿಂಗಳ ಬಾಡಿಗೆ:
ಹೋಗುವ ದುಡ್ಡಿಗೆ ಬಾಯಿಲ್ಲ.

ಫೋನಿಗೂ ಸುದ್ದಿ ಮುಟ್ಟಿದೆ.
ಗುಣವತಿಯವರೇ, ನಿಮಗೆ ಐವತ್ತು ಸಾವಿರ ಸಾಲ ಸಿದ್ಧವಿದೆ.
ನಾನು ಕೇಳೇ ಇಲ್ಲ.

ಗುಂಡಿ ಒತ್ತಿ ದನಿ ಇಳಿಸಹೋದರೆ
ದನಿ ಇಳಿಸಲಾಗಿದೆ ಎಂದು
ಅದನ್ನೂ ಕೂಗಿಯೇ ಹೇಳುತ್ತದೆ.

ರಾತ್ರಿ ಕೂತು ಹೊಲಿದೆ ಗವಸು.
ಉಳಿದ ಲೈನಿಂಗು ನಾಲ್ಕು ಪದರ, ನಡುವೆ ಸ್ಪಂಜು,
ಕೂಸಿನ ಕುಲಾವಿಗೆ ತೆಗೆದ ಹಾಗೆ ಅಳತೆ ತೆಗೆದು,
ಅಂಚಿಗೆ ಪೈಪಿಂಗ್ ಕೊಟ್ಟು.
ಈಗದು ನೆಗಡಿಯಾದವರಂತೆ ಗೊಣಗುತ್ತದೆ.

ಗಿರಾಕಿ ಫೋನು ಹಿಡಿದು ನಿಲ್ಲುತ್ತಾಳೆ:
ಬಂತಾ ಅಕ್ಕಾ?
ಮೇಲೆ ಮಹಡಿಯಲ್ಲಿ ಕುರ್ಚಿ ಎಳೆದ ಸದ್ದು.

ಬಂತು, ಅನ್ನುತ್ತೇನೆ ಮೆಲ್ಲಗೆ.
ನನ್ನ ಕಡೆಯ ಮಗ್ಗುಲಲ್ಲಿ, ಗವಸಿಗೆ,
ಒಂದು ಕಾಜಾ ತೆಗೆದಿದ್ದೇನೆ.