ಯಾರಿಗಿ ಅಂದ?

ಯಾದಗಿರಿಯ ದೊಡ್ಡ ದವಾಖಾನ್ಯಾಗ
ಸೂಜಿ ಹಾಕೋ ಕೋಣಿ ಹಿಂದ ನಮ್ದು, ಹದಿನಾಲ್ಕನೇ ನಂಬರು.
ಗ್ವಾಡಿ ಆಚಿ ಕೂಸುಗಳು ಚೀರ್ತಾವ,
ಗ್ವಾಡಿ ಈಚಿ ಅಂಕುಶ ಕಿವಿ ಮುಚ್ಗೋತಾನ.
ಮೊದಲ ಮೂರು ತಿಂಗಳು ನಾ ಕಂಡದ್ದು
ಅವನ ಎರಡು ಮೊಣಕೈ ಅಷ್ಟೇ.

ಫ್ಯಾನಿನ ಹಳೇ ಕೊಂಡಿಗಿ ಜೋಕಾಲಿ ಕಟ್ಟೀನಿ.
ಎಂಜಿನಿಯರ್ ಸಾಹೇಬ್ರು ಬಂದು, "ಭಾರ ತಡೀತದೇನ್ರಿ?" ಅಂದ್ರು.
ನಾನೇ ಕುಂತು ತೋರಿಸಿದೆ.

ಜೋಕಾಲಿ ಬಾಜೂಕ ಪ್ಲಾಸ್ಟಿಕ್ ಟಬ್ಬು, ತುಂಬ ತೊಗರಿ.
ಸರ್ಕಾರದ ಪಟ್ಟಿಯೊಳಗ ಬಣ್ಣಬಣ್ಣದ ಚೆಂಡು ಅದಾವ,
ಚೆಂಡು ಇನ್ನಾ ಬಂದಿಲ್ಲ. ತೊಗರಿ ನಮ್ಮ ಮನೀದು.
ಒಳಗ ಗೋಲಿ ಮುಚ್ಚಿಡ್ತೀನಿ, ಗುಂಡಿ,
ಮಾರಿದ ಸ್ಕೂಟರಿಂದು ಒಂದು ಕೀಲಿ.
ಬೆರಳಿಗಿ ಹಿಟ್ಟು ಹತ್ತಿದ್ರ ಅಳೋ ಹುಡುಗ
ಮೊದಲ ಉಗುರು ಊರಿದ, ಆಮ್ಯಾಲ ಮುಂಗೈ,
ದೀಪಾವಳಿ ಹೊತ್ತಿಗಿ ಮೊಣಕೈ ತನಕ ಮುಳುಗಿಸಿ
ಸುಮ್ಮ ಕುಂತ, ಭೀಮಾ ಹೊಳ್ಯಾಗ ಕೈ ಬಿಟ್ಟವರಂಗ.

ಅವ್ವ ಚಾಂದಿಬಾಯಿ ಕೇಳ್ತಾಳ:
"ಇದೆಲ್ಲಾ ಆಟ ಆಯ್ತು ಮೇಡಂ. ಮಾತು ಯಾವಾಗ?"
ಗೊತ್ತಿಲ್ಲ ಅಂತ ಹೇಳೋದು ನಮಗ ಯಾರೂ ಕಲಿಸಿಲ್ಲ.
ಗೊತ್ತಿಲ್ಲ ಅಂದೆ.

ಮಾತು ನೋಡ್ಕೊಳ್ಳಾಕಿ ನುಸ್ರತ್.
ಮ್ಯಾಲಿನ ತುಟಿಗಿ ಬೆಲ್ಲ ಸವರ್ತಾಳ,
ನಾಲಿಗಿ ಹುಡುಕ್ಕೊಂಡು ಬರ್ಲಿ ಅಂತ.
ಮೇಣಬತ್ತಿ ಹಚ್ಚಿ "ಊದು" ಅಂತಾಳ,
ಕಾಯ್ತಾಳ, ಕಾಯ್ತಾಳ, ಕಡೀಕ ತಾನೇ ಊದ್ತಾಳ.
ಒಂದು ತಾಸಿಗಿ ಹನ್ನೊಂದು ಕಡ್ಡಿ.

ಯಾರೋ ಡಾಕ್ಟ್ರು ಹೇಳಿದ್ರಂತ,
"ಎರಡೆರಡು ಭಾಷಾ ಬ್ಯಾಡ, ಹುಡುಗಗ ಗೊಂದಲ ಆಗ್ತದ."
ಅವತ್ತಿಂದ ಆಯಿ ಝಮಕುಬಾಯಿ
ಮೊಮ್ಮಗನ ಮುಂದ ಬಾಯಿ ಹೊಲ್ಕೊಂಡಾಳ.
ಕನ್ನಡ ಆಕೀಗಿ ಸಂತಿಗಷ್ಟೇ ಬರ್ತದ,
ಸಂತಿ ಕನ್ನಡದಾಗ ಮುದ್ದಾಡೋದು ಹ್ಯಾಂಗ?
ಎರಡು ವರ್ಷ ತಾಂಡಾದ ಒಂದು ಮನಿಯೊಳಗ
ಮಾತಿಲ್ಲದವರು ಇಬ್ಬರಾದ್ರು.

ನುಸ್ರತ್‌ಗಿ ಸಿಟ್ಟು ಬಂದದ್ದು ನಾ ನೋಡಿದ್ದು ಅದೊಂದೇ ದಿನ.
"ನಮ್ಮ ಮನ್ಯಾಗ ದಖನಿ, ಗಲ್ಲಿಯೊಳಗ ತೆಲುಗು, ಸಾಲ್ಯಾಗ ಕನ್ನಡ,
ನಾ ಏನ್ ಮೂಕಿ ಆದ್ನೇನು?
ಆಯಿ, ನಿನ್ನ ಮಾತಿನಾಗೇ ಮಾತಾಡು.
ಬೇಕಾದ್ರ ಬೈ!"

ಬೈದಳು ಮುದುಕಿ. ಡಾಕ್ಟರಿಗಿ, ಬಸ್ಸಿಗಿ, ನಮಗೂ.
ಮುಂಗೈಯಿಂದ ಭುಜದ ತನಕ ಬಿಳಿ ಬಳಿ ಆಕೀವು,
ಸಿಟ್ಟಿನಾಗ ಖಳಖಳ ಅಂದವು.
ಅಂಕುಶ ತೊಗರಿಯಿಂದ ಕೈ ತಗದ.
ಒಂದೊಂದೇ ಬಳಿ ಮ್ಯಾಲ ಸರಿಸಿದ,
ಎಲ್ಲಾ ಒಮ್ಮೆಲೆ ಕೆಳಗ ಜಾರಿದ್ವು,
ತುಟಿಗಿ ತುಟಿ ಹತ್ತಿ, ಬಿಟ್ಟು,
"ಬಾ."

ಅಪ್ಪ ಬಾಗಿಲದಾಗ ಚಪ್ಪಲ್ ಬಿಡ್ತಿದ್ದ.
ಅವರ ಮಾತಿನಾಗ ಬಾ ಅಂದ್ರ ಅಪ್ಪ.
ಒಂದು ಚಪ್ಪಲ್ ಮ್ಯಾಲೇ ನಿಂತುಬಿಟ್ಟ.
ಚಾಂದಿಬಾಯಿ ಅಂದ್ಲು, "ಇಲ್ಲ, ಕರದಾನ. ನನ್ನ ಕರದಾನ."
ಆಯಿ ಪ್ರಕಾರ ಅವ ಹೇಳಿದ್ದು ಬಳಿಗಿ,
ಇನ್ನೊಮ್ಮೆ ಬರ್ರಿ ಅಂತ.
"ಎರಡು ತುಟಿಯ ಅಕ್ಷರ, ಸದ್ಯ ಅಷ್ಟೇ ಬರಿ" ಅಂದ್ಲು ನುಸ್ರತ್,
ಮಾರಿ ಆ ಕಡಿ ಮಾಡಿ.
ಕಾರ್ಡಿನಾಗ ಎರಡು ಕಾಲಂ: ಏನಂದ. ಯಾರಿಗಿ ಅಂದ.
ಮೊದಲನೇದು ತುಂಬಿದೆ.

ಆಮ್ಯಾಲ ನಾಕು ಮಂಗಳವಾರ ಅವ ಮತ್ತ ಸುಮ್ಮ.
ತೊಗರಿ, ಬೆಲ್ಲ, ಜೋಕಾಲಿ, ಕಡ್ಡಿಪೆಟ್ಟಿಗಿ.
ಕಿವಿ ಕೆಟ್ಟದ್ದು ನನ್ನವು:
ಸ್ಟೇಷನ್ ಹಾದಿ ತುಂಬ ಆಟೋದವ, ಲಿಂಬು ಸೋಡಾದವ,
ಗುರುಮಠಕಲ್ ಬಸ್ಸಿನ ಕಂಡಕ್ಟರ್, ಎಮ್ಮಿ ಹಿಂದಿನ ಹುಡುಗಿ,
ಯಾರು ಯಾರನ್ನ ಬಾ ಅಂದ್ರೂ
ನಾ ತಿರುಗಿ ನೋಡ್ತೀನಿ.

ಸಂಜಿಗಿ ನೆಲದ ಮ್ಯಾಲಿನ ತೊಗರಿ ಬಳಿದು ಟಬ್ಬಿಗಿ ಹಾಕ್ದೆ.
ಗೋಲಿ ಸಿಕ್ತು, ಗುಂಡಿ ಸಿಕ್ತು. ಸ್ಕೂಟರಿನ ಕೀಲಿ ಇಲ್ಲ,
ಅಂಕುಶನ ಕಿಸೆದಾಗ ತಾಂಡಾಕ ಹೋಗ್ಯದ.
ಬರೋ ಮಂಗಳವಾರ ಕೈ ಚಾಚಿ ಕೇಳ್ತೀನಿ.