ಕೊಸರು

ಬೆಟಗೇರಿ ಸಂತೆ. ನನ್ನ ಚೀಲದಲ್ಲಿ ಸರಕಾರದ ಹಿತ್ತಾಳೆ ತೂಕಗಳು,
ಬೆವರು ತಾಗದಂತೆ ಬಟ್ಟೆಯಲ್ಲಿ ಸುತ್ತಿ.

ಹುಸೇನಬಿಯ ಅರ್ಧ ಕಿಲೋ ಕಲ್ಲು
ಹದಿನೆಂಟು ಗ್ರಾಂ ಕಡಿಮೆ.
ಸವೆದು ಸವೆದು ಅಂಚು ಮುದುಕಿಯ ಒಸಡಿನ ಹಾಗೆ.

"ಮೋಸ. ನಮ್ಮ ಮನ್ಯಾಗ ಇರುವಿ ಸತ್ರೂ ಲೆಕ್ಕ ಇಡತೇವಿ"
ಅಂದ ಉಳ್ಳಾಗಡ್ಡಿ ದಲಾಲಿ ಪಾಯಪ್ಪ.
"ಮೋಸಲ್ರೀ, ಬಡತನ" ಅಂದಳು ಮಗ್ಗದ ಓಣಿಯ ಶಂಕ್ರವ್ವ,
ನಿನ್ನೆಯಷ್ಟೇ ಅವಳ ಜೋಡಿ ಜಗಳಾಡಿದವಳು.
ಮಿಶನ್ ಸಾಲಿಯ ಸ್ಯಾಮುವೆಲ್ ಮಾಸ್ತರರಿಗೆ ಒಂದೇ ಪ್ರಶ್ನೆ:
"ಆಕಿಗೆ ಗೊತ್ತಿತ್ತೇನು?"

ಹುಸೇನಬಿ ಸುಮ್ಮನಿದ್ದಳು.
ತೂಗಿದ ಮೇಲೆ ಹಾಕುವ ಎರಡು ಮೆಣಸಿನಕಾಯಿ, ಒಂದೆಸಳು ಕರಿಬೇವು,
ಅದನ್ನು ತೂಗೋ ಕಲ್ಲು ನಿಮ್ಮ ಚೀಲದಾಗ ಐತೇನ್ರಿ ಅಂತ
ಕೇಳಬಹುದಿತ್ತು.
ಸೆರಗಿನ ಗಂಟು ಬಿಚ್ಚಿ, ದಂಡ ಎಷ್ಟು ಅಂದಳು.

ಬರೆದೆ. ಬರೆಯಲೇಬೇಕು.
ಪಾಯಪ್ಪನದನ್ನೂ ತೂಗಿದೆ: ಕೂದಲೆಳೆಯ ತಪ್ಪಿಲ್ಲ.
ಅವನು ಯಾರಿಗೂ ಒಂದು ಗಡ್ಡೆ ಹೆಚ್ಚು ಹಾಕಿದವನಲ್ಲ;
ಶಂಕ್ರವ್ವನ ಗಂಡ ದವಾಖಾನೆಯಲ್ಲಿದ್ದಾಗ
ಬಡ್ಡಿ ಕೇಳದೆ ದುಡ್ಡು ಕೊಟ್ಟವನೂ ಅವನೇ.
ಇದಕ್ಕೆ ನನ್ನ ಫಾರ್ಮಿನಲ್ಲಿ ಕಲಮು ಇಲ್ಲ.

ಆಗಾಗ ನನ್ನ ಹಿತ್ತಾಳೆಯೂ ಹೋಗುತ್ತದೆ
ಇನ್ನೊಂದು ಹಿತ್ತಾಳೆಯೆದುರು ಕೂರಲು.
ಅದು ಮತ್ತೊಂದರೆದುರು.
ಎಲ್ಲಕ್ಕೂ ಮೇಲಿನದನ್ನು ನಮ್ಮ ಕಚೇರಿಯಲ್ಲಿ ಯಾರೂ ಕಂಡಿಲ್ಲ.

ಹೊರಡುವಾಗ ಅವಳ ಹತ್ತಿರವೇ ಬದನೆ ಕೊಂಡೆ,
ಯಾಕೆಂದು ಕೇಳಬೇಡಿ.
ಮನೆಯಲ್ಲಿ ಚೀಲ ಸುರುವಿದರೆ
ಕಾಯಿಗಳ ಅಡಿಗೆ ಒಂದು ಹಿಡಿ ಕೊತ್ತಂಬರಿ.
ಲಂಚವೇ? ದಂಡ ಕಟ್ಟಿಯಾಗಿತ್ತಲ್ಲ.

ತೂಗಿ ನೋಡೋಣವೆಂದು ನಾನು ಬಟ್ಟೆ ಬಿಚ್ಚುವಷ್ಟರಲ್ಲಿ
ಹೆಂಡತಿ ಅದನ್ನು ಹೆಚ್ಚಿ ಸಾರಿಗೆ ಹಾಕಿದ್ದಳು.