ನಾಯಿಗೆ ಅನುಮತಿ ಇದೆ

ಸ್ವಾಲ್ಬಾರ್ಡಿನಿಂದ ಬಂದ ಕಾಗದದಲ್ಲಿ ಹದಿನಾಲ್ಕು ಕಲಮು.
ಒಂಬತ್ತನೆಯದು: ನಾಯಿ ತರಬಹುದು, ಚುಚ್ಚುಮದ್ದಿನ ದಾಖಲೆಯೊಂದಿಗೆ.
ಹತ್ತನೆಯದು: ಬೆಕ್ಕು ಕೂಡದು.
ಅಷ್ಟೇ. ಕಾರಣ ಬರೆದಿಲ್ಲ.
ನನಗೆ ಗೊತ್ತು, ಹಕ್ಕಿಗಳು.
ಮರವೇ ಇಲ್ಲದ ನಾಡಿನಲ್ಲಿ ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಗಳು.
ಬೇರೆ ಯಾರದೋ ಬೆಕ್ಕಾಗಿದ್ದರೆ
ನಾನೂ ಹೌದೆಂದು ತಲೆಯಾಡಿಸುತ್ತಿದ್ದೆ.

ಹನ್ನೊಂದು ವರ್ಷ ವಾರ್ಡೋ ಬಂದರಿನ ಗಾಳಿ ಅಳೆದವಳು ನಾನು,
ದಿನಕ್ಕೆ ನಾಲ್ಕು ಸಲ,
ಯಾರೂ ತೆರೆಯದ ಪುಸ್ತಕದಲ್ಲಿ ಬರೆದಿಟ್ಟವಳು.
ಈಗ ಹಿಮನದಿಯೊಂದು ಎಷ್ಟು ಜಾರಿತೆಂದು
ಅಳೆಯಲು ಕರೆದಿದ್ದಾರೆ.
ನಲವತ್ತೇಳಕ್ಕೆ ಇನ್ನೊಮ್ಮೆ ಯಾರೂ ಕರೆಯುವುದಿಲ್ಲ.
ಅರ್ಜಿ ಹಾಕಿದ ರಾತ್ರಿ ಇಬ್ಬರೂ ನನ್ನ ಕಾಲ ಮೇಲೇ ಮಲಗಿದ್ದರು.
ಕಣ್ಣು ಮುಚ್ಚಿ ಹಾಲು ಕುಡಿಯುವುದು ಬೆಕ್ಕೆಂದು ಯಾರು ಹೇಳಿದರು?
ಕುಡಿದವಳು ನಾನು.
ಬೆಕ್ಕು ಕಣ್ಣು ಬಿಟ್ಟುಕೊಂಡೇ ನೋಡುತ್ತಿತ್ತು.

ನಾಯಿ ಸ್ಕೊಡ್ಡೆ, ಕಡಲ ಮೇಲಿನ ಮಬ್ಬಿಗೆ ನಮ್ಮಲ್ಲಿ ಹಾಗೆನ್ನುತ್ತಾರೆ.
ಬೆಕ್ಕು ಕ್ನಾಪ್, ಅಂದರೆ ಅಂಗಿಯ ಗುಂಡಿ.
ಹಡಗುಕಟ್ಟೆಯ ಬಲೆರಾಶಿಯಲ್ಲಿ ಸಿಕ್ಕಾಗ ಅಷ್ಟೇ ಇದ್ದಳು.
ಹಾಲು ಹಾಕಿದವಳು ನಾನು, ನೆಕ್ಕಿ ಬದುಕಿಸಿದವನು ಸ್ಕೊಡ್ಡೆ,
ಗಂಡುನಾಯಿ,
ತನಗೆ ಮೊಲೆಯಿಲ್ಲವೆಂಬುದನ್ನು ಮೂರು ದಿನ ಒಪ್ಪಿಕೊಳ್ಳದೆ.

ಬಲೆ ಹೆಣೆಯುವ ಟೋರ್ಬ್ಯೋರ್ಗ್ ಅಂದಳು, ನನಗೆ ಕೊಡು,
ಇಲಿಯಿದೆ, ಒಲೆಯಿದೆ, ಬೆಕ್ಕಿಗೆ ಇನ್ನೇನು ಬೇಕು?
ತಮ್ಮ ಆಸ್ಲಾಕ್ ಫೋನಿನಲ್ಲಿ ನಕ್ಕ:
ಇಂಥ ಕೆಲಸ ಬಿಡ್ತೀಯಾ, ಒಂದು ಬೆಕ್ಕಿಗೆ?
ಒಂದು ಎಂದು ಎಣಿಸಿದವನಿಗೆ ಏನು ಹೇಳಲಿ.
ಫೋನಿಟ್ಟು, ಒಣಗಿದ ಮೀನನ್ನು ಎರಡು ತುಂಡು ಮಾಡಿದೆ.
ದೊಡ್ಡದು ನಾಯಿಗೆ.
ಅದನ್ನು ಕದಿಯುವವಳು ಕ್ನಾಪ್.
ನೋಡಿಯೂ ನೋಡದಂತೆ ಮುಖ ತಿರುಗಿಸುವವನು ಅವನು.

ಶುಕ್ರವಾರ ಅವಳನ್ನು ಬುಟ್ಟಿಯಲ್ಲಿ ಒಯ್ದೆ,
ನೋಡೋಣ ಅಂತ, ಎರಡು ರಾತ್ರಿಗೆ.
ಅಳುತ್ತಾಳೆ ಅಂದುಕೊಂಡಿದ್ದೆ.
ಅಳಲಿ ಅಂತ ಬಯಸಿದ್ದೆ.
ಭಾನುವಾರ ಕಿಟಕಿಯಾಚೆ ನಿಂತು ಕದ್ದು ನೋಡಿದರೆ
ಉಣ್ಣೆಯುಂಡೆಗಳ ನಡುವೆ ಮೀಸೆ ತೊಳೆಯುತ್ತಾ ಕೂತಿದ್ದಾಳೆ,
ಹುಟ್ಟಿದ್ದೇ ಅಲ್ಲಿ ಎಂಬಂತೆ.
ನನ್ನನ್ನು ಕಂಡಳು.
ಕಂಡು, ಇನ್ನೊಂದು ಪಾದ ಎತ್ತಿದಳು.

ಹೊಟ್ಟೆ ಉರಿಯಿತು. ಸುಳ್ಳೇಕೆ.

ಮನೆಗೆ ಬಂದರೆ ಬಾಗಿಲ ಸಂದಿಗೆ ಮೂಗೊತ್ತಿ ಸ್ಕೊಡ್ಡೆ.
ಮೀನು ಹಾಗೇ ಇತ್ತು, ದೊಡ್ಡ ತುಂಡು.
ಕದಿಯುವವರಿಲ್ಲದ ಊಟ ಅವನಿಗೆ ತಿಳಿಯದು.
ಅನುಮತಿ ಇರುವುದು ಇವನಿಗೆ.
ದಾಖಲೆಗೆ ಮೊಹರೂ ಬಿದ್ದಿದೆ.
ನಾಲ್ಕು ತಿಂಗಳು ಸೂರ್ಯನೇ ಏಳದ ಆ ರಾತ್ರಿಯಲ್ಲಿ
ಇವನ ಬೆನ್ನಿನ ಬಿಸಿ ಬೇಕು ನನಗೆ.
ನನಗೆ.
ಆ ಮಾತಿನ ಹತ್ತಿರ ಬಹಳ ಹೊತ್ತು ಕೂತೆ.

ಸೋಮವಾರ ಅವನ ಹಾಸು, ತಟ್ಟೆ, ಕಿವಿಯ ಔಷಧ
ಎಲ್ಲ ಹೊತ್ತು ಟೋರ್ಬ್ಯೋರ್ಗಳ ಬಾಗಿಲಿಗೆ ಹೋದೆ.
ಅವಳೇನೂ ಕೇಳಲಿಲ್ಲ.
ಒಲೆಯ ಪಕ್ಕದ ಬಲೆ ಸರಿಸಿ ಜಾಗ ಮಾಡಿದಳು.
ಕ್ನಾಪ್ ಬಂದು ಅವನ ಮೂಗಿಗೊಂದು ಬಾರಿಸಿದಳು,
ಎಲ್ಲಿ ಹಾಳಾಗಿ ಹೋಗಿದ್ದೆ ಎಂಬಂತೆ.
ಆಮೇಲೆ ಅವನ ಹೊಟ್ಟೆಯ ತಗ್ಗಿನಲ್ಲಿ ಹೊಕ್ಕು ಸುತ್ತಿಕೊಂಡಳು.
ಇಬ್ಬರೂ ಸೇರಿ ಒಂದು ಸೊನ್ನೆ.

ಹಡಗು ಇಲ್ಲಿಗೆ ಬರುವುದು ಬೆಳಗಿನ ಜಾವ.
ನಿಲ್ಲುವುದು ಸ್ವಲ್ಪವೇ ಹೊತ್ತು.
ಕೈಯಲ್ಲಿ ಇನ್ನೊಂದು ನಮೂನೆ:
ಜೊತೆಗೆ ತರುವ ಪ್ರಾಣಿಗಳೆಷ್ಟು?
ದುಂಡಗೆ ಬರೆದೆ.
ಅಕ್ಕ ಎರಡನ್ನೂ ಕೈಬಿಟ್ಟಳು ಅನ್ನುತ್ತಾನಂತೆ ಆಸ್ಲಾಕ್.
ಇರಬಹುದು.
ಕೋಟಿನ ಎರಡನೆಯ ಗುಂಡಿ ಕಿತ್ತುಹೋಗಿದೆ, ಹೊಲಿದಿಲ್ಲ.
ವಾಯವ್ಯದ ಗಾಳಿ, ಸೆಕೆಂಡಿಗೆ ಹದಿನೆಂಟು ಮೀಟರು ಇದ್ದೀತು.
ಬರೆದಿಡಲು ಪುಸ್ತಕ
ಈಗ ನನ್ನ ಬಳಿ ಇಲ್ಲ.